ಟೀಚ್ ಎಂದರೆ ತೋರು



ಇವತ್ತಿನ ಮಾತು ಒಂದು ಇಂಗ್ಲಿಷ್ ಕ್ರಿಯಾಪದದ ಮೇಲೆ. ಶಾಲೆಯ ಮೆಟ್ಟಿಲು ಹತ್ತದವರಿಗೂ ಪರಿಚಯವಿರುವ ಪದ ಅದು: ಟೀಚ್. ಕ್ರಿಯಾಪದವಾಗಿ ನಾವು ಅದನ್ನು ಬಳಸುವುದು ಕಡಿಮೆ. ಆದರೆ ಅದರಿಂದ ಹುಟ್ಟಿದ ‘ಟೀಚರ್’ ಕನ್ನಡದ ಮನೆಮಾತಾಗಿ ಬಹಳ ಕಾಲವಾಯಿತು. ಹಳೇ ಮೈಸೂರಿನ ಕಡೆ ಮೇಷ್ಟ್ರು, ಮಂಗಳೂರಿನ ಕಡೆ ಮಾಷ್ಟ್ರು, ಧಾರವಾಡದ ಕಡೆ ಮಾಸ್ತರು, ಉತ್ತರ ಕನ್ನಡದಲ್ಲಿ ಹೆಂಗಸರಾದರೆ ಅಕ್ಕೋರು, ಬೆಂಗಳೂರಿನ ಕಾನ್ವೆಂಟಿನಲ್ಲಿ ಮಿಸ್ಸು. ಇವರೆಲ್ಲರನ್ನೂ ಒಟ್ಟಿಗೆ ಹೇಳಬೇಕಾದಾಗ ‘ಟೀಚರುಗಳು’ ಅಂದುಬಿಡುತ್ತೇವೆ.

ಕಲಿಸುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಕ್ರಿಯಾಪದಗಳ ಬರವಿಲ್ಲ. ಟೀಚ್ ಇದೆ, ಎಜುಕೇಟ್ ಇದೆ, ಇನ್‌ಸ್ಟ್ರಕ್ಟ್, ಟ್ರೈನ್, ಕೋಚ್, ಟ್ಯೂಟರ್, ಡ್ರಿಲ್, ಇನ್‌ಕಲ್ಕೇಟ್ ಇವೆ. ಇವುಗಳಲ್ಲಿ ಹೆಚ್ಚಿನವನ್ನು ಸ್ವಲ್ಪ ಕೆರೆದು ನೋಡಿದರೆ ಒಳಗೆ ಮೈಕೈ ಬಳಸಿ ಮಾಡುವ ಯಾವುದೋ ಒಂದು ಕೆಲಸ ಸಿಗುತ್ತದೆ. ಒಂದರಲ್ಲಿ ಕಟ್ಟುವುದು, ಒಂದರಲ್ಲಿ ಎಳೆಯುವುದು, ಮತ್ತೊಂದರಲ್ಲಿ ಹಿಮ್ಮಡಿ ಊರಿ ತುಳಿಯುವುದು. ಟೀಚ್ ಒಳಗೆ ಇರುವುದು ಬೆರಳು ಮಾಡಿ ತೋರಿಸುವುದು. ಈ ಎಲ್ಲ ಪದಗಳ ಪೈಕಿ ಮೇಷ್ಟ್ರ ಕೆಲಸ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಸರಿಯಾಗಿ ಹಿಡಿದಿರುವುದು ಅತಿ ಹಳೆಯದಾದ ಈ ಟೀಚ್ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಮೊದಲು ಪದದ ಜಾತಕ ನೋಡೋಣ. ಐದನೆಯ ಶತಮಾನದ ನಡುವಿನಿಂದ ಬ್ರಿಟನ್ನಿಗೆ ಬಂದು ನೆಲಸಿದ ಆಂಗ್ಲರು ಮತ್ತು ಸ್ಯಾಕ್ಸನರು ಆಡುತ್ತಿದ್ದ ಭಾಷೆಯನ್ನು ಇಂದು ಹಳೆಯ ಇಂಗ್ಲಿಷ್ ಎಂದು ಕರೆಯುತ್ತಾರೆ. ಅದರಲ್ಲಿ ‘ಟ್ಯಾಚನ್’ ಎಂಬ ಕ್ರಿಯಾಪದವಿತ್ತು. ಅದರ ಅರ್ಥ ತೋರಿಸು, ಇಂಥದೆಂದು ಗುರುತು ಮಾಡಿ ಹೇಳು, ದಾರಿ ತೋರು. ಕಲಿಸು ಎಂಬ ಅರ್ಥವೂ ಆಗಲೇ ಅದಕ್ಕೆ ಅಂಟಿಕೊಂಡಿತ್ತು. ಅದರ ಭೂತಕಾಲದ ರೂಪ ‘ಟ್ಯಾಹ್‌ಟೆ’. ನಾವೆಲ್ಲ ಮಿಡ್ಲ್ ಸ್ಕೂಲಿನಲ್ಲಿ ಟಿ-ಎ-ಯು-ಜಿ-ಎಚ್-ಟಿ ಎಂದು ಬಾಯಿಪಾಠ ಮಾಡಿ, ಬಾಯಲ್ಲಿ ಮಾತ್ರ ‘ಟಾಟ್’ ಎನ್ನುತ್ತೇವಲ್ಲ, ಆ ಮೂಕ ಜಿ ಮತ್ತು ಎಚ್ ಗಂಟಲಿನಿಂದ ಹೊರಡುತ್ತಿದ್ದ ಆ ಹಳೆಯ ಹಕಾರದ ಕುರುಹು. ನಾಲಿಗೆ ಅದನ್ನು ಬಿಟ್ಟು ನೂರಾರು ವರ್ಷವಾದರೂ ಕಾಗುಣಿತ ಬಿಟ್ಟಿಲ್ಲ.

ಈ ಟ್ಯಾಚನ್‌ಗೆ ಒಡಹುಟ್ಟಿದ ನಾಮಪದ ಒಂದಿದೆ. ಅದು ‘ಟೋಕನ್’. ಬ್ಯಾಂಕಿನ ಕೌಂಟರಿನಲ್ಲಿ ಕೊಡುತ್ತಿದ್ದ ಹಿತ್ತಾಳೆಯ ಬಿಲ್ಲೆ, ಬೆಂಗಳೂರು ಮೆಟ್ರೊದಲ್ಲಿ ಗೇಟಿನ ಮೇಲೆ ಮುಟ್ಟಿಸುವ ಪ್ಲಾಸ್ಟಿಕ್ ಬಿಲ್ಲೆ, ಎರಡೂ ಟೋಕನ್ನೇ. ಮೂಲ ಅರ್ಥ ಗುರುತು, ಚಿಹ್ನೆ. ಜರ್ಮನ್ ಭಾಷೆಯಲ್ಲಿ ಇಂದಿಗೂ ಚಿಹ್ನೆಗೆ ‘ತ್ಸೈಶೆನ್’ ಎನ್ನುತ್ತಾರೆ, ತೋರಿಸುವುದಕ್ಕೆ ‘ತ್ಸೈಗೆನ್’ ಎನ್ನುತ್ತಾರೆ. ಎಲ್ಲ ಒಂದೇ ಬಳಗದವು. ಟೋಕನ್ ಎಂದರೆ ಗುರುತು, ಟೀಚ್ ಎಂದರೆ ಗುರುತು ತೋರಿಸು, ಅಷ್ಟೆ.

ಮಧ್ಯಯುಗದ ಇಂಗ್ಲಿಷಿನಲ್ಲೂ ಈ ಮೂಲ ಅರ್ಥ ಚೆನ್ನಾಗಿ ಬದುಕಿತ್ತು. ಅಪರಿಚಿತ ಊರಿಗೆ ಬಂದವನು ಎದುರು ಸಿಕ್ಕವನನ್ನು ‘ನನಗೆ ದಾರಿ ಟೀಚ್ ಮಾಡು’ ಎಂದು ಕೇಳಬಹುದಿತ್ತು. ಅದರಲ್ಲಿ ಪಾಠವೂ ಇಲ್ಲ, ಪುಸ್ತಕವೂ ಇಲ್ಲ. ಇತ್ತ ಹೋಗು ಎಂದು ಕೈಚಾಚಿ ತೋರಿಸಿದರೆ ಟೀಚ್ ಮಾಡಿದಂತಾಯಿತು.

ಇದಕ್ಕಿಂತ ಸ್ವಾರಸ್ಯದ ಸಂಗತಿ ‘ಟೀಚರ್’ ಎಂಬ ನಾಮಪದದ್ದು. ಹದಿಮೂರನೆಯ ಶತಮಾನದ ಕೊನೆಯಲ್ಲಿ ಆ ಪದ ಬರಹದಲ್ಲಿ ಕಾಣಿಸಿಕೊಂಡಾಗ ಅದರ ಅರ್ಥ ಪಾಠ ಹೇಳುವವನು ಎಂದಲ್ಲ. ಹೆಬ್ಬೆರಳಿನ ಪಕ್ಕದ ಬೆರಳು ಎಂದು. ಪಾಠ ಹೇಳುವವನು ಎಂಬ ಅರ್ಥ ಅದರ ಬೆನ್ನಿಗೇ, 1300ರ ಸುಮಾರಿಗೆ ಸಿಗುತ್ತದೆ. ಅಂದರೆ ಇಂಗ್ಲಿಷರ ಮೊದಲ ಟೀಚರ್ ಒಂದು ಬೆರಳು! ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಬೆರಳಿಗೆ ನಾವು ತೋರುಬೆರಳು ಅಂತಲೇ ಹೇಳುತ್ತೇವೆ. ಲ್ಯಾಟಿನ್ನಿನ ‘ಇಂಡೆಕ್ಸ್’ ಕೂಡ ಅದೇ ಅರ್ಥದ್ದು. ಪುಸ್ತಕದ ಕೊನೆಯಲ್ಲಿ ಯಾವ ವಿಷಯ ಯಾವ ಪುಟದಲ್ಲಿದೆ ಎಂದು ತೋರುವ ಅಕಾರಾದಿಗೆ ಆ ಹೆಸರು ಬಂದದ್ದು ಬೆರಳಿನ ಕೆಲಸದಿಂದ.

ಒಂದೇ ಬೆರಳಿಗೆ ಜನ ಎಷ್ಟು ಬಗೆಯ ಹೆಸರಿಟ್ಟಿದ್ದಾರೆ ನೋಡಿ. ಹಳೆಯ ಇಂಗ್ಲಿಷಿನವರು ಅದನ್ನು ‘ಶ್ಯುಟೆಫಿಂಗರ್’ ಎಂದೂ ಕರೆಯುತ್ತಿದ್ದರು, ಬಾಣ ಬಿಡುವ ಬೆರಳು ಎಂದು. ಸಂಸ್ಕೃತದಲ್ಲಿ ಅದು ತರ್ಜನಿ. ತರ್ಜನ ಎಂದರೆ ಗದರಿಸುವುದು, ಹೆದರಿಸುವುದು. ಬಿಲ್ಲಿನವನಿಗೆ ಅದು ಬಾಣದ ಬೆರಳು, ಗದರುವವನಿಗೆ ಗದರಿಕೆಯ ಬೆರಳು, ನಮಗೆ ತೋರುವ ಬೆರಳು. ತರಗತಿಯಲ್ಲಿ ನಿಂತ ಮೇಷ್ಟ್ರು ಅದೇ ಬೆರಳನ್ನು ತರ್ಜನಿಯನ್ನಾಗಿಯೂ ಬಳಸಬಲ್ಲರು, ತೋರುಬೆರಳನ್ನಾಗಿಯೂ ಬಳಸಬಲ್ಲರು ಎಂಬುದು ನಮ್ಮಲ್ಲಿ ಅನೇಕರ ಅನುಭವ.

ಇನ್ನು ಪದದ ಬೇರು ಹುಡುಕಿ ಸ್ವಲ್ಪ ಹಿಂದಕ್ಕೆ ಹೋಗೋಣ; ಅದಕ್ಕೆ ದಾರಿ ತೆರೆದವರಿಂದ ಶುರುಮಾಡೋಣ. 1786ರ ಫೆಬ್ರವರಿ 2ರಂದು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ಒಂದು ಭಾಷಣ ಮಾಡಿದರು. ವೃತ್ತಿಯಲ್ಲಿ ಅವರು ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಾಧೀಶರು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಈ ಮೂರಕ್ಕೂ ಇರುವ ಹೋಲಿಕೆ ಆಕಸ್ಮಿಕವಲ್ಲ, ಈಗ ಉಳಿದಿಲ್ಲದ ಯಾವುದೋ ಒಂದು ಮೂಲದಿಂದ ಅವು ಕವಲೊಡೆದಿರಬೇಕು ಎಂಬುದು ಅವರ ಮಾತಿನ ಸಾರ. ಅಲ್ಲಿಂದ ತೌಲನಿಕ ಭಾಷಾಶಾಸ್ತ್ರಕ್ಕೆ ರೆಕ್ಕೆ ಬಂತು. 1822ರಲ್ಲಿ ಜರ್ಮನಿಯ ಯಾಕೋಬ್ ಗ್ರಿಮ್ ಒಂದು ನಿಯಮವನ್ನು ವಿವರವಾಗಿ ಬರೆದಿಟ್ಟರು. ನಮ್ಮ ಮಕ್ಕಳು ಕೇಳುವ ಗ್ರಿಮ್ ಕಥೆಗಳ ಅಣ್ಣತಮ್ಮಂದಿರಲ್ಲಿ ಅಣ್ಣ ಅವರೇ. ಸಂಸ್ಕೃತ, ಲ್ಯಾಟಿನ್‌ಗಳಲ್ಲಿ ದಕಾರ ಇರುವ ಕಡೆ ಇಂಗ್ಲಿಷ್ ಮೊದಲಾದ ಜರ್ಮಾನಿಕ್ ಭಾಷೆಗಳಲ್ಲಿ ಟಕಾರ ಬರುತ್ತದೆ ಎಂಬುದು ಆ ನಿಯಮದ ಒಂದು ಭಾಗ. ಕೇಳಿ: ಸಂಸ್ಕೃತದ ‘ದ್ವಿ’, ಇಂಗ್ಲಿಷಿನ ‘ಟೂ’. ಸಂಸ್ಕೃತದ ‘ದಶ’, ಇಂಗ್ಲಿಷಿನ ‘ಟೆನ್’. ‘ದಂತ’ ಅಲ್ಲಿ ‘ಟೂತ್’. ಮರ ಎಂಬರ್ಥದ ‘ದಾರು’ ಅಲ್ಲಿ ‘ಟ್ರೀ’. ಹೀಗೆ ಸಾಲುಸಾಲಾಗಿ ಹೊಂದುವಾಗ ಅದನ್ನು ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನಲಾಗುವುದಿಲ್ಲ.

ಇದೇ ನಿಯಮದ ಬೆಳಕಿನಲ್ಲಿ ಟೀಚ್‌ನ ಟಕಾರವನ್ನು ದಕಾರಕ್ಕೆ ಹಿಂದಿರುಗಿಸಿದರೆ ಸಿಗುವುದು ತೋರು ಎಂಬರ್ಥದ ಒಂದು ಪ್ರಾಚೀನ ಧಾತು. ಸಂಸ್ಕೃತದಲ್ಲಿ ಅದೇ ಧಾತು ‘ದಿಶ್’. ಅದರಿಂದ ದಿಶೆ, ಅದರಿಂದ ನಮ್ಮ ದಿಕ್ಕು. ಬೆರಳು ಚಾಚಿ ತೋರಬಹುದಾದದ್ದು ದಿಕ್ಕು. ದೇಶ, ಪ್ರದೇಶ ಅದರ ಮಕ್ಕಳು. ಹೀಗೆ ಮಾಡು ಎಂದು ತೋರುವುದು ಆದೇಶ, ನಿರ್ದೇಶ. ಗುರಿಯನ್ನು ತೋರುವುದು ಉದ್ದೇಶ. ಹತ್ತಿರ ಕೂರಿಸಿಕೊಂಡು ತೋರುವುದು ಉಪದೇಶ. ಸಿನಿಮಾ ಸೆಟ್ಟಿನಲ್ಲಿ ‘ಆ ಕಡೆ ನಿಲ್ಲು, ಇತ್ತ ನೋಡು’ ಎನ್ನುವ ನಿರ್ದೇಶಕರೂ, ಮಠದಲ್ಲಿ ಕೂತು ಉಪದೇಶ ಮಾಡುವ ಗುರುಗಳೂ, ಕಾನ್ವೆಂಟಿನ ಟೀಚರೂ ಪದಗಳ ವಂಶವೃಕ್ಷದಲ್ಲಿ ದಾಯಾದಿಗಳು.

ಲ್ಯಾಟಿನ್ನಿನಲ್ಲಿ ಅದೇ ಧಾತು ‘ದೀಕೆರೆ’ ಆಗಿ, ತೋರು ಎಂಬುದರಿಂದ ಹೇಳು ಎಂಬ ಅರ್ಥಕ್ಕೆ ಸರಿಯಿತು. ಡಿಕ್ಷನರಿ, ಡಿಕ್ಟೇಶನ್, ವರ್ಡಿಕ್ಟ್ ಅಲ್ಲಿಂದ ಬಂದವು. ನ್ಯಾಯ ಇಂಥದು ಎಂದು ತೋರಿ ಹೇಳುವವನು ‘ಯೂದೆಕ್ಸ್’. ಇಂಗ್ಲಿಷಿಗೆ ಬಂದು ಜಡ್ಜ್ ಆದ. ಗ್ರೀಕಿನಲ್ಲಿ ಪಕ್ಕದಲ್ಲಿಟ್ಟು ತೋರಿಸುವ ಮಾದರಿಗೆ ‘ಪರಾದೈಗ್ಮ’ ಎನ್ನುತ್ತಾರೆ, ಅದು ಪ್ಯಾರಡೈಮ್. ಜರ್ಮನ್ನಿನಲ್ಲಿ ಇದೇ ಮೂಲದ ಇನ್ನೊಂದು ಪದಕ್ಕೆ ಆರೋಪ ಹೊರಿಸು ಎಂಬ ಅರ್ಥ ಬಂತು. ಕನ್ನಡದಲ್ಲಿ ‘ನನ್ನ ಕಡೆ ಬೆರಳು ಮಾಡಬೇಡ’ ಎನ್ನುತ್ತೇವಲ್ಲ, ಹಾಗೆ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ದಿಕ್ಕು, ದೇಶ, ಉಪದೇಶ ನಮ್ಮಲ್ಲಿಗೆ ಸಂಸ್ಕೃತದ ಮೂಲಕ ಬಂದ ಪದಗಳು. ನಮ್ಮದೇ ಆದ ‘ತೋರು’ ದ್ರಾವಿಡ ಪದ. ಅದಕ್ಕೂ ಟೀಚ್‌ಗೂ ರಕ್ತಸಂಬಂಧವಿಲ್ಲ. ಎರಡೂ ಟ-ತಗಳಿಂದ ಶುರುವಾಗುತ್ತವೆ ಎಂದು ಗಂಟು ಹಾಕಿದರೆ ಗ್ರಿಮ್ ನಿಯಮಕ್ಕೆ ಅರ್ಥವೇ ಉಳಿಯುವುದಿಲ್ಲ.

ಟೀಚ್‌ಗೆ ಹಳೆಯ ಇಂಗ್ಲಿಷಿನಲ್ಲಿ ಒಬ್ಬ ಪ್ರಬಲ ಪ್ರತಿಸ್ಪರ್ಧಿ ಇದ್ದ. ಕಲಿಸು ಎಂಬುದಕ್ಕೆ ಅಂದು ಹೆಚ್ಚಾಗಿ ಬಳಸುತ್ತಿದ್ದ ಪದ ‘ಲ್ಯಾರನ್’. ಪಾಠ ಹೇಳುವವನು ‘ಲಾರೆಯೋವ್’. ಆ ಪದವನ್ನು ಬಿಡಿಸಿದರೆ ವಿದ್ಯೆಯ ಸೇವಕ ಎಂಬ ಅರ್ಥ ಬರುತ್ತದೆ. ಕಲಿಯುವುದಕ್ಕೆ ‘ಲೆಯೊರ್ನಿಯನ್’, ಇಂದಿನ ಲರ್ನ್. ಈ ಲ್ಯಾರನ್ ಪ್ರೇರಣಾರ್ಥಕ ಕ್ರಿಯಾಪದ. ತಿಳಿ ಎಂಬ ಮೂಲದಿಂದ ತಿಳಿಯುವಂತೆ ಮಾಡು ಎಂದು ಕಟ್ಟಿದ ಪದ. ಕಲಿಯಿಂದ ಕಲಿಸು, ತಿಳಿಯಿಂದ ತಿಳಿಸು ಎಂದು ನಾವು ಕಟ್ಟುವುದಕ್ಕೆ ಸರಿಸಮ. ಲ್ಯಾರನ್ ಇಂಗ್ಲಿಷಿನಿಂದ ಅಳಿದುಹೋಗಿದೆ. ಅದರ ಸಂಬಂಧಿಕ ‘ಲೋರ್’ ಮಾತ್ರ ಉಳಿದಿದೆ. 1846ರಲ್ಲಿ ವಿಲಿಯಂ ಥಾಮ್ಸ್ ಅದನ್ನು ಜನಪದಕ್ಕೆ ಜೋಡಿಸಿ ‘ಫೋಕ್‌ಲೋರ್’ ಮಾಡಿದರು.

ಲರ್ನ್ ಮತ್ತು ಲ್ಯಾರನ್‌ಗಳ ಬೇರು ಹಿಡಿದು ಹೋದರೆ ಸಿಗುವುದು ಹೆಜ್ಜೆಗುರುತು, ಜಾಡು, ನೇಗಿಲ ಸಾಲು. ಚಮ್ಮಾರರು ಚಪ್ಪಲಿ ಹೊಲಿಯಲು ಬಳಸುವ ಮರದ ಪಾದಕ್ಕೆ ಇಂಗ್ಲಿಷಿನಲ್ಲಿ ‘ಲಾಸ್ಟ್’ ಎನ್ನುತ್ತಾರೆ. ಹೆಜ್ಜೆಗುರುತು ಎಂಬ ಅರ್ಥದಿಂದ ಬಂದ ಈ ಪದ ಅದೇ ಬೇರಿನದು. ಲ್ಯಾಟಿನ್ನಿನಲ್ಲಿ ನೇಗಿಲ ಸಾಲಿಗೆ ‘ಲೀರ’. ಉಳುವವನು ಸಾಲು ಬಿಟ್ಟು ಅತ್ತಿತ್ತ ಹೋದರೆ ‘ದೆಲಿರಿಯಂ’. ಜ್ವರ ನೆತ್ತಿಗೇರಿ ಬಡಬಡಿಸುವ ರೋಗಿಗೆ ಡಾಕ್ಟರು ಡೆಲಿರಿಯಂ ಎಂದು ಚೀಟಿಯಲ್ಲಿ ಬರೆಯುವಾಗ, ಇವನ ನೇಗಿಲು ಸಾಲು ತಪ್ಪಿದೆ ಎಂದೇ ಬರೆದಂತೆ. ಹಾಗಾಗಿ ಆ ಜನರ ಕಲ್ಪನೆಯಲ್ಲಿ ಕಲಿಯುವುದು ಎಂದರೆ ಯಾರೋ ಮೊದಲು ಹೋದ ಜಾಡನ್ನು ಹಿಡಿದು ಹೋಗುವುದು.

ಇದನ್ನು ನಮ್ಮ ಅಕ್ಷರಾಭ್ಯಾಸದಲ್ಲಿ ಕಣ್ಣಾರೆ ನೋಡಬಹುದು. ತಟ್ಟೆಯಲ್ಲಿ ಅಕ್ಕಿ ಹರಡಿರುತ್ತಾರೆ. ಮಗುವಿನ ತೋರುಬೆರಳನ್ನು ಹಿರಿಯರು ಹಿಡಿದು ಅಕ್ಕಿಯಲ್ಲಿ ಒತ್ತಿ ಅಕ್ಷರ ಎಳೆಸುತ್ತಾರೆ. ಬೆರಳು ಹೋದ ಕಡೆ ತಟ್ಟೆಯ ತಳ ಕಾಣುವ ಒಂದು ಸಾಲು ಬೀಳುತ್ತದೆ, ಅಂಚಿನ ಕಾಳುಗಳು ಜರಿದು ಅದನ್ನು ಅರೆಬರೆ ಮುಚ್ಚುತ್ತವೆ, ಮತ್ತೆ ಅದೇ ಸಾಲಿನಲ್ಲಿ ಬೆರಳು ಹೋಗುತ್ತದೆ. ಹಿಂದಿನ ಕೂಲಿಮಠಗಳಲ್ಲಿ ಐಗಳು ಇದನ್ನೇ ಮರಳಿನ ಮೇಲೆ ಮಾಡಿಸುತ್ತಿದ್ದರು. ಈ ಕೆಲಸಕ್ಕೆ ಕನ್ನಡದಲ್ಲಿ ‘ತಿದ್ದುವುದು’ ಎಂದು ಹೆಸರು. ಬರೆದ ಅಕ್ಷರದ ಮೇಲೆಯೇ ಮತ್ತೆ ಮತ್ತೆ ಬರೆಯುವುದೂ ತಿದ್ದುವುದೇ, ತಪ್ಪನ್ನು ಸರಿಮಾಡುವುದೂ ತಿದ್ದುವುದೇ. ಜಾಡು ಹಿಡಿಯುವುದಕ್ಕೂ ದಾರಿಗೆ ಬರುವುದಕ್ಕೂ ನಾವು ಇಟ್ಟುಕೊಂಡಿರುವುದು ಒಂದೇ ಪದ.

ಮತ್ತೆ ಇಂಗ್ಲಿಷಿಗೆ ಬರೋಣ. ಲರ್ನ್ ಎಂಬುದು ಶತಮಾನಗಟ್ಟಲೆ ಕಲಿ ಮತ್ತು ಕಲಿಸು ಎರಡೂ ಅರ್ಥದಲ್ಲಿ ಓಡಾಡುತ್ತಿತ್ತು. 1611ರ ಸುಮಾರಿಗೆ ಷೇಕ್ಸ್‌ಪಿಯರ್ ಬರೆದ ‘ದಿ ಟೆಂಪೆಸ್ಟ್’ ನಾಟಕದಲ್ಲಿ ದ್ವೀಪದ ಕ್ಯಾಲಿಬನ್, ತನಗೆ ಭಾಷೆ ಕಲಿಸಿದವರ ಮೇಲೆ ಉರಿದುಬೀಳುತ್ತಾನೆ. ಕಲಿತದ್ದರಿಂದ ತನಗಾದ ಲಾಭ ಬೈಯಲು ಬಂದದ್ದೊಂದೇ ಎಂಬುದು ಅವನ ದೂರು. ಆ ಮೂರು ಸಾಲಿನ ಮಾತಿನಲ್ಲಿ ಕಲಿಸು ಎಂಬುದಕ್ಕೆ ಒಮ್ಮೆ ಟೀಚ್ ಬಂದರೆ, ಇನ್ನೊಮ್ಮೆ ಲರ್ನ್ ಬರುತ್ತದೆ. ಅಂದು ಅದು ತಪ್ಪಾಗಿರಲಿಲ್ಲ. ಇಂದು ಇಂಗ್ಲೆಂಡಿನಲ್ಲಿ ಯಾರಾದರೂ ‘ಅವನಿಗೆ ಲರ್ನ್ ಮಾಡಿದೆ’ ಎಂದರೆ ಓದುಬರಹವಿಲ್ಲದವನ ಮಾತು ಎಂದು ಮೂಗು ಮುರಿಯುತ್ತಾರೆ. ಜರ್ಮನ್ನಿನಲ್ಲಿ ಮಾತ್ರ ‘ಲೇರೆನ್’ ಕಲಿಸು, ‘ಲೆರ್ನೆನ್’ ಕಲಿ ಎಂದು ಜೋಡಿ ಹಾಗೇ ಉಳಿದಿದೆ. ಇಂಗ್ಲಿಷಿನಲ್ಲಿ ಕಲಿಯುವುದಕ್ಕೆ ಜಾಡಿನ ಪದ, ಕಲಿಸುವುದಕ್ಕೆ ಬೆರಳಿನ ಪದ ಎಂದು ಪಾಲಾಯಿತು. ಒಬ್ಬರು ತೋರುತ್ತಾರೆ, ಇನ್ನೊಬ್ಬರು ನಡೆಯುತ್ತಾರೆ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು, ಆಮೇಲೆ ನವೋದಯದ ಪಂಡಿತರ ಕೈಯಿಂದ ಲ್ಯಾಟಿನ್ ಪದಗಳು ಹಿಂಡುಹಿಂಡಾಗಿ ಬಂದವು. ಕಲಿಸುವ ಕೆಲಸಕ್ಕೂ ಹೊಸ ಹೊಸ ಹೆಸರು ಸಿಕ್ಕವು. ಇನ್‌ಸ್ಟ್ರಕ್ಟ್ ಎಂದರೆ ಒಂದರ ಮೇಲೊಂದು ಪೇರಿಸಿ ಕಟ್ಟು; ಸ್ಟ್ರಕ್ಚರ್ ಅದರ ನಂಟ. ಎಡಿಫೈ ಎಂದರೆ ಮನೆ ಕಟ್ಟು. ಇನ್‌ಕಲ್ಕೇಟ್ ಎಂದರೆ ಹಿಮ್ಮಡಿಯಿಂದ ತುಳಿದು ಒಳಗಿಳಿಸು. ಮಕ್ಕಳಲ್ಲಿ ಮೌಲ್ಯಗಳನ್ನು ಇನ್‌ಕಲ್ಕೇಟ್ ಮಾಡಬೇಕು ಎಂದು ವಾರ್ಷಿಕೋತ್ಸವದಲ್ಲಿ ಭಾಷಣ ಮಾಡುವವರಿಗೆ ಈ ಹಿಮ್ಮಡಿಯ ವಿಷಯ ತಿಳಿದಿರುವುದು ಒಳ್ಳೆಯದು. ಟ್ರೈನ್ ಎಂದರೆ ಎಳೆ. ರಾಣಿಯರ ನಿಲುವಂಗಿಯ ಹಿಂದೆ ಎಳೆದುಕೊಂಡು ಬರುವ ಸೆರಗಿಗೂ, ತೋಟಗಾರ ಬಳ್ಳಿಯನ್ನು ಬೇಕಾದ ಕಡೆಗೆ ಹಬ್ಬಿಸುವುದಕ್ಕೂ ಅದೇ ಪದ. ಬಳ್ಳಿಯಿಂದ ಮಕ್ಕಳಿಗೆ ಬಂದು ಟ್ರೈನಿಂಗ್ ಆಯಿತು. ಒಂದರ ಹಿಂದೊಂದು ಎಳೆದುಕೊಂಡು ಹೋಗುವ ಡಬ್ಬಿಗಳಿಂದ ರೈಲಿಗೂ ಟ್ರೈನ್ ಎಂದು ಹೆಸರಾಯಿತು.

ಕೋಚ್‌ನದು ಇನ್ನೂ ಮೋಜಿನ ಕಥೆ. ಹಂಗೆರಿಯಲ್ಲಿ ಕೋಚ್ ಎಂಬ ಹಳ್ಳಿ ಇದೆ. ಹದಿನೈದನೆಯ ಶತಮಾನದಲ್ಲಿ ಅಲ್ಲಿ ಒಳ್ಳೆಯ ಕುದುರೆಗಾಡಿಗಳು ತಯಾರಾಗುತ್ತಿದ್ದವು. ಊರ ಹೆಸರೇ ಗಾಡಿಗೆ ಅಂಟಿ ಯುರೋಪಿನ ಭಾಷೆಗಳಿಗೆಲ್ಲ ಹಬ್ಬಿತು. 1830ರ ಸುಮಾರಿಗೆ ಆಕ್ಸ್‌ಫರ್ಡ್ ವಿದ್ಯಾರ್ಥಿಗಳು ತಮ್ಮನ್ನು ಪರೀಕ್ಷೆ ದಾಟಿಸುವ ಖಾಸಗಿ ಪಾಠದವನನ್ನು ತಮಾಷೆಗೆ ಕೋಚ್ ಎಂದರು, ಹೊತ್ತುಕೊಂಡು ಹೋಗುವ ಗಾಡಿ ಎಂದು. ಆ ತಮಾಷೆ ಇಂದು ನಮ್ಮ ಊರೂರಿನ ಕೋಚಿಂಗ್ ಸೆಂಟರಿನ ಬೋರ್ಡಿನ ಮೇಲೆ ಗಂಭೀರವಾಗಿ ಕೂತಿದೆ. ಸೀಟು ಕಾದಿರಿಸುವುದು, ಮುಂಗಡ ದುಡ್ಡು ಕಟ್ಟುವುದು, ನೇರ ಗುರಿ ಮುಟ್ಟಿಸುತ್ತೇವೆ ಎನ್ನುವ ಜಾಹೀರಾತು, ಎಲ್ಲವೂ ಗಾಡಿಗೆ ಒಪ್ಪುವಂಥವೇ.

ಎಜುಕೇಟ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಅದರ ಸುತ್ತ ಒಂದು ಜನಪ್ರಿಯ ನಂಬಿಕೆ ಬೆಳೆದಿದೆ. ಎಜುಕೇಶನ್ ಎಂದರೆ ಮಗುವಿನ ಒಳಗಿರುವುದನ್ನು ಹೊರಕ್ಕೆ ತೆಗೆಯುವುದು, ಲ್ಯಾಟಿನ್ ಮೂಲ ಹಾಗೇ ಹೇಳುತ್ತದೆ ಎಂದು ಶಿಕ್ಷಕರ ಸಮ್ಮೇಳನಗಳಲ್ಲಿ ಆಗಾಗ ಕೇಳುತ್ತೇವೆ. ಲ್ಯಾಟಿನ್ನಿನಲ್ಲಿ ಇದ್ದದ್ದು ಎರಡು ಕ್ರಿಯಾಪದ. ‘ಎದೂಕೆರೆ’ ಎಂದರೆ ಹೊರಕ್ಕೆ ಕರೆದುಕೊಂಡು ಬಾ. ‘ಎದುಕಾರೆ’ ಎಂದರೆ ಸಾಕು, ಸಲಹು, ಬೆಳೆಸು. ಎರಡೂ ಅಕ್ಕತಂಗಿಯರು ನಿಜ, ಆದರೆ ಇಂಗ್ಲಿಷಿನ ಎಜುಕೇಟ್ ಹುಟ್ಟಿದ್ದು ಎರಡನೆಯದರಿಂದ. ಮೊದಲನೆಯದರಿಂದ ಬಂದದ್ದು ‘ಎಡ್ಯೂಸ್’ ಎಂಬ ಬೇರೆಯೇ ಪದ. ರೋಮಿನ ವಿದ್ವಾಂಸ ವಾರೋ ಈ ಭೇದವನ್ನು ಅಚ್ಚುಕಟ್ಟಾಗಿ ಹೇಳಿದ್ದಾನೆ. ಮಗುವನ್ನು ಹೊರಕ್ಕೆ ತರುವವಳು ಸೂಲಗಿತ್ತಿ, ಅದಕ್ಕೆ ಎದೂಕೆರೆ. ಹಾಲೂಡಿ ಸಾಕುವವಳು ದಾದಿ, ಅದಕ್ಕೆ ಎದುಕಾರೆ. ನಡೆನುಡಿ ತಿದ್ದುವ ಕೆಲಸ, ಪಾಠ ಹೇಳುವ ಕೆಲಸ ಆಮೇಲಿನವು. ಅವಕ್ಕೆ ಬೇರೆ ಜನ, ಬೇರೆ ಕ್ರಿಯಾಪದ. ಪಾಠ ಹೇಳುವುದಕ್ಕೆ ‘ದೊಕೇರೆ’ ಎನ್ನುತ್ತಿದ್ದರು. ಡಾಕ್ಟರ್ ಎಂದರೆ ಮೂಲದಲ್ಲಿ ಪಾಠ ಹೇಳುವವನೇ. ವಿಶ್ವವಿದ್ಯಾಲಯಗಳು ಡಾಕ್ಟರೇಟ್ ಕೊಡುವುದು ಆ ಹಳೆಯ ಅರ್ಥದಲ್ಲಿ.

ಹೊರಕ್ಕೆ ತೆಗೆಯುವ ಈ ವ್ಯುತ್ಪತ್ತಿ ಎಷ್ಟು ಆಕರ್ಷಕ ಮತ್ತು ಎಷ್ಟು ಅಪಾಯಕಾರಿ ಎಂಬುದನ್ನು ಮ್ಯೂರಿಯಲ್ ಸ್ಪಾರ್ಕ್ 1961ರಲ್ಲಿ ಬಂದ ತಮ್ಮ ‘ದಿ ಪ್ರೈಮ್ ಆಫ್ ಮಿಸ್ ಜೀನ್ ಬ್ರೋಡಿ’ ಕಾದಂಬರಿಯಲ್ಲಿ ತೋರಿಸಿದ್ದಾರೆ. ಎಡಿನ್‌ಬರೋದ ಹೆಣ್ಣುಮಕ್ಕಳ ಶಾಲೆಯೊಂದರ ಟೀಚರ್ ಬ್ರೋಡಿ, ತಾನು ಮಾಡುವುದು ಒಳಗಿರುವುದನ್ನು ಹೊರತರುವ ನಿಜವಾದ ಎಜುಕೇಶನ್, ಮುಖ್ಯೋಪಾಧ್ಯಾಯಿನಿ ಮಾಡುವುದು ಒಳಕ್ಕೆ ತುರುಕುವ ಕೆಲಸ ಎಂದು ಹುಡುಗಿಯರಿಗೆ ಹೇಳುತ್ತಾಳೆ. ಆದರೆ ಕಥೆ ಮುಂದುವರಿದಂತೆ, ಮುಸೊಲಿನಿಯ ಮೇಲಿನ ಮೆಚ್ಚುಗೆಯಿಂದ ಹಿಡಿದು ಪ್ರೀತಿಪ್ರೇಮದ ಕಲ್ಪನೆಗಳವರೆಗೆ ತನ್ನದನ್ನೆಲ್ಲ ಆ ಎಳೆಯರ ತಲೆಗೆ ತುಂಬುತ್ತಿರುವವಳು ಅವಳೇ ಎಂದು ಓದುಗನಿಗೆ ಗೊತ್ತಾಗುತ್ತದೆ. ಮಗುವಿನ ಒಳಗಿನಿಂದ ತೆಗೆಯುತ್ತೇನೆ ಎನ್ನುವವರು ಅಲ್ಲಿ ಮೊದಲೇ ತಾವಿಟ್ಟದ್ದನ್ನೇ ತೆಗೆದು ತೋರಿಸಬಹುದು.

ಹೊರತೆಗೆಯುವ ವಾದಕ್ಕೆ ಮೂಲಪುರುಷ ಸಾಕ್ರಟೀಸ್. ಪ್ಲೇಟೋ ಬರೆದ ‘ಮೆನೊ’ ಸಂವಾದದಲ್ಲಿ ಆತ ಲೆಕ್ಕ ಕಲಿಯದ ಒಬ್ಬ ಗುಲಾಮ ಹುಡುಗನನ್ನು ಮುಂದೆ ಕರೆಯುತ್ತಾನೆ. ಎರಡು ಅಡಿ ಬಾಹುವಿನ ಚೌಕ ಬರೆಯುತ್ತಾನೆ. ಅದರ ವಿಸ್ತೀರ್ಣ ನಾಲ್ಕು ಚದರಡಿ. ಇದರ ಎರಡರಷ್ಟು, ಅಂದರೆ ಎಂಟು ಚದರಡಿಯ ಚೌಕ ಬೇಕಾದರೆ ಬಾಹು ಎಷ್ಟಿರಬೇಕು ಎಂದು ಕೇಳುತ್ತಾನೆ. ಹುಡುಗ ಹಿಂದುಮುಂದು ನೋಡದೆ ಬಾಹುವನ್ನು ಎರಡರಷ್ಟು ಮಾಡಿ ಎನ್ನುತ್ತಾನೆ. ನಾಲ್ಕು ಅಡಿಯ ಬಾಹು ಎಳೆದರೆ ಹದಿನಾರು ಚದರಡಿ ಬಂತು. ಹಾಗಾದರೆ ಮೂರು ಅಡಿ ಎನ್ನುತ್ತಾನೆ. ಒಂಬತ್ತು ಬಂತು. ಗೊತ್ತಿಲ್ಲ ಎಂದು ಹುಡುಗ ಕೈಚೆಲ್ಲುತ್ತಾನೆ. ಆಗ ಸಾಕ್ರಟೀಸ್ ಮೊದಲಿನ ಚೌಕದ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದು, ಈ ಗೆರೆಯ ಮೇಲೆ ಕಟ್ಟಿದ ಚೌಕ ಎಷ್ಟಾಗುತ್ತದೆ ನೋಡು ಎನ್ನುತ್ತಾನೆ. ಹುಡುಗ ಎಣಿಸುತ್ತಾನೆ. ಎಂಟು! ನಾನು ಏನನ್ನೂ ಕಲಿಸಲಿಲ್ಲ, ಬರೀ ಕೇಳಿದೆ, ಅವನೊಳಗಿದ್ದದ್ದು ಹೊರಬಂತು ಎಂಬುದು ಸಾಕ್ರಟೀಸನ ವಾದ.

ಆದರೆ ಆ ಕರ್ಣರೇಖೆಯನ್ನು ಎಳೆದವರು ಯಾರು? ಹುಡುಗನಲ್ಲ. ಸಾಕ್ರಟೀಸ್ ಗೆರೆ ಎಳೆದ, ಇದನ್ನು ನೋಡು ಎಂದ. ಹಳೆಯ ಇಂಗ್ಲಿಷಿನವನೊಬ್ಬ ಪಕ್ಕದಲ್ಲಿ ನಿಂತಿದ್ದರೆ, ಸ್ವಾಮಿ, ನೀವು ಈಗ ಮಾಡಿದ್ದಕ್ಕೇ ನಾವು ಟ್ಯಾಚನ್ ಎನ್ನುವುದು ಎನ್ನುತ್ತಿದ್ದ. ಆತ ಹುಡುಗನ ತಲೆಗೆ ತುಂಬಲೂ ಇಲ್ಲ, ತಲೆಯಿಂದ ತೆಗೆಯಲೂ ಇಲ್ಲ. ನೋಡಬೇಕಾದ ಕಡೆ ಬೆರಳು ಇಟ್ಟ. ತಾನು ಎರಡು ಸಲ ತಪ್ಪಿದ್ದು ಏಕೆ ಎಂದು ಅರಿತಿದ್ದ ಹುಡುಗ, ಆ ಗೆರೆಯಲ್ಲಿ ಕಾಣಬೇಕಾದ್ದನ್ನು ತಾನೇ ಕಂಡ. ತಪ್ಪುವ ಮೊದಲೇ ಗೆರೆ ಎಳೆದು ತೋರಿಸಿದ್ದರೆ ಕಾಣುತ್ತಿತ್ತೋ ಇಲ್ಲವೋ. ಎಲ್ಲಿ ತೋರಬೇಕು ಎನ್ನುವಷ್ಟೇ ಯಾವಾಗ ತೋರಬೇಕು ಎನ್ನುವುದೂ ಟೀಚರಿನ ವಿದ್ಯೆ.

ಟೀಚ್ ಎಂಬುದಕ್ಕೆ ಇಂದು ಇನ್ನೂ ಒಂದೆರಡು ಅರ್ಥಗಳಿವೆ. ಬಡತನ ಕಲಿಸಿತು, ಅನುಭವ ಕಲಿಸಿತು ಎಂಬಲ್ಲಿ ಮೇಷ್ಟ್ರೇ ಇಲ್ಲ. ಇನ್ನೊಂದು ಬೆದರಿಕೆಯದು. ತೋಟದಲ್ಲಿ ಮಾವಿನಕಾಯಿ ಕದ್ದ ಹುಡುಗನಿಗೆ ಇಂಗ್ಲಿಷಿನವನು ‘ಕದಿಯುವುದನ್ನು ನಿನಗೆ ಕಲಿಸುತ್ತೇನೆ’ ಎಂದರೆ, ಕದಿಯದಂತೆ ಬುದ್ಧಿ ಕಲಿಸುತ್ತೇನೆ ಎಂದು ತಿಳಿಯಬೇಕು. ನಾವೂ ‘ತಾಳು, ನಿನಗೆ ಪಾಠ ಕಲಿಸ್ತೀನಿ’ ಎನ್ನುವಾಗ ಪುಸ್ತಕ ತೆರೆಯುವ ಉದ್ದೇಶ ಇರುವುದಿಲ್ಲ. ಕಲಿಸುವುದಕ್ಕೂ ದಂಡಿಸುವುದಕ್ಕೂ ಈ ನಂಟು ಎಲ್ಲ ಕಡೆಯೂ ಇದೆ. ಶಿಷ್ಯ ಎಂಬರ್ಥದ ಲ್ಯಾಟಿನ್ ಪದದಿಂದ ಹುಟ್ಟಿದ ಡಿಸಿಪ್ಲಿನ್, ದಂಡನೆಯೂ ಆಯಿತು. ಸಂಸ್ಕೃತದ ಶಿಕ್ಷಾ ಎಂಬುದು ‘ಶಕ್’ ಧಾತುವಿನಿಂದ ಬಂದದ್ದು. ಶಕ್ತನಾಗಬೇಕೆಂಬ ಬಯಕೆ ಅದರ ಮೂಲಾರ್ಥ. ಕನ್ನಡಕ್ಕೆ ಬಂದ ಮೇಲೆ ಶಿಕ್ಷಣ ಶಾಲೆಗೆ ಹೋಯಿತು, ಶಿಕ್ಷೆ ಜೈಲಿಗೆ ಹೋಯಿತು.

ಕೊನೆಗೆ, ಟೀಚ್ ಸರಿಯಾದ ಪದ ಎಂದು ಮೊದಲಿಗೆ ಹೇಳಿದ್ದಕ್ಕೆ ಕಾರಣ. ಅಮೆರಿಕದ ತತ್ವಜ್ಞಾನಿ ಜಾನ್ ಡ್ಯೂಯಿ ತಮ್ಮ ‘ಹೌ ವಿ ಥಿಂಕ್’ ಪುಸ್ತಕದಲ್ಲಿ ಕಲಿಸುವುದನ್ನು ವ್ಯಾಪಾರಕ್ಕೆ ಹೋಲಿಸುತ್ತಾರೆ. ಕೊಳ್ಳುವವನಿಲ್ಲದೆ ಮಾರಿದೆ ಎನ್ನಲಾಗದು. ಹಾಗೆಯೇ ಯಾರೂ ಕಲಿಯದಿದ್ದರೆ ಕಲಿಸಿದೆ ಎನ್ನಲಾಗದು ಎಂಬುದು ಅವರ ಮಾತಿನ ತಾತ್ಪರ್ಯ. ಇಂಗ್ಲಿಷಿನ ಟೀಚ್ ಈ ವಿಷಯದಲ್ಲಿ ಎರಡೂ ಕಡೆ ಕಾಲಿಟ್ಟಿದೆ. ವರ್ಷವಿಡೀ ಟೀಚ್ ಮಾಡಿದೆ, ಅವರು ಒಂದಕ್ಷರ ಕಲಿಯಲಿಲ್ಲ ಎಂದರೂ ಆ ಭಾಷೆಯಲ್ಲಿ ತಪ್ಪಿಲ್ಲ. ಕಲಿಯುವಂತೆ ಮಾಡಿದೆ ಎಂಬ ಅರ್ಥದಲ್ಲಿ ಬಳಸಿದರೂ ತಪ್ಪಿಲ್ಲ. ಕನ್ನಡದಲ್ಲಿ ಇವಕ್ಕೆ ಬೇರೆ ಬೇರೆ ಮಾತುಗಳಿವೆ. ‘ಪಾಠ ಮಾಡಿದೆ, ಅವನಿಗೆ ಹತ್ತಲಿಲ್ಲ’, ‘ಎಷ್ಟು ಹೇಳಿಕೊಟ್ಟರೂ ಕಲಿಯಲಿಲ್ಲ’, ‘ತೋರಿಸಿಕೊಟ್ಟೆ, ಅವನು ನೋಡಲಿಲ್ಲ’ ಎಂದರೆ ಕಿವಿಗೆ ಸರಿಯಾಗಿ ಕೇಳುತ್ತದೆ. ‘ಕಲಿಸಿದೆ, ಆದರೆ ಅವನು ಕಲಿಯಲಿಲ್ಲ’ ಎಂದು ಹೇಳಿ ನೋಡಿ. ಮಾತು ಎಲ್ಲೋ ಎಡವುತ್ತದೆ. ಕಲಿಸು ಎಂಬುದರ ಒಳಗೇ ಕಲಿ ಕೂತಿರುವುದರ ಫಲ ಅದು. ಕಲಿಸಿದೆ ಎನ್ನುವ ಹಕ್ಕು ಮೇಷ್ಟ್ರಿಗೆ ಸಿಗುವುದು ಮಗು ಕಲಿತ ಮೇಲೆ. ಆ ಸರ್ಟಿಫಿಕೇಟು ಕೊಡಬೇಕಾದ್ದು ಮಗುವೇ.

ಹಾಗಾದರೆ ತರಗತಿಗೆ ಹೋಗುವ ಮೊದಲೇ ಟೀಚರೊಬ್ಬರು ಇದನ್ನು ಮಾಡಿಯೇ ತೀರುತ್ತೇನೆ ಎಂದು ಮಾತು ಕೊಡಬಹುದಾದ ಕೆಲಸ ಯಾವುದು? ಕಟ್ಟುತ್ತೇನೆ ಎನ್ನಲು ಮಗು ಇಟ್ಟಿಗೆಯಲ್ಲ. ಹೊತ್ತು ದಾಟಿಸುತ್ತೇನೆ ಎಂದರೆ ದಾಟಿದ ಮೇಲೆ ಅದಕ್ಕೆ ನಡೆಯಲು ಬರುವುದಿಲ್ಲ. ತುಳಿದು ಇಳಿಸುತ್ತೇನೆ ಎನ್ನುವುದಂತೂ ಬೇಡವೇ ಬೇಡ. ತೋರಿಸುತ್ತೇನೆ ಎಂದು ಮಾತ್ರ ಧೈರ್ಯವಾಗಿ ಹೇಳಬಹುದು. ತೋರುವುದಕ್ಕೆ ತನಗೆ ಕಂಡಿರಬೇಕು, ಮಗು ಎಲ್ಲಿ ನಿಂತಿದೆ ಎಂದು ಗೊತ್ತಿರಬೇಕು, ಅದು ನಿಂತ ಜಾಗದಿಂದ ಕಾಣುವಂತೆ ಬೆರಳು ಹಿಡಿಯಬೇಕು. ಇಷ್ಟು ಮಾಡಿದ ಮೇಲೂ ನೋಡುವುದು ಮಗುವಿನ ಪಾಲಿನ ಕೆಲಸವೇ. ಅದನ್ನು ಒಪ್ಪಿಕೊಂಡ ಟೀಚರು, ಮಗು ನೋಡಲಿಲ್ಲವೆಂದು ಗದರುವ ಬದಲು ತಾನು ನಿಂತ ಜಾಗ ಬದಲಾಯಿಸಿ ಇನ್ನೊಂದು ಸಲ ತೋರಿಸುತ್ತಾರೆ. ಸಾವಿರ ವರ್ಷಕ್ಕೂ ಹಳೆಯದಾದ ಈ ಸಣ್ಣ ಕ್ರಿಯಾಪದ ಕೇಳುವುದು ಅಷ್ಟನ್ನೇ, ಅಷ್ಟು ಮಾಡುವುದೇ ಕಷ್ಟ.